ಹಲ್ಲುನೋವಿಗೆ ಚೀಟಿಯೇ ಚಿಕಿತ್ಸೆಯಾದರೆ

ಒಂದು ಆಂಟಿಬಯಾಟಿಕ್, ಒಂದು ನೋವಿನ ಮಾತ್ರೆ, ಜೊತೆಗೊಂದು ಗ್ಯಾಸ್ ಮಾತ್ರೆ. ಬೆಳಿಗ್ಗೆ–ರಾತ್ರಿ, ಊಟವಾದ ಮೇಲೆ, ಐದು ದಿನ. ಆಸ್ಪತ್ರೆಯ ದಂತ ವಿಭಾಗಕ್ಕೆ ದವಡೆ ಹಿಡಿದುಕೊಂಡು ಹೋದ ಬಹಳಷ್ಟು ಮಂದಿಗೆ ಪರಿಚಿತವಾದ ಚೀಟಿ ಇದು. ಇಪ್ಪತ್ತರ ಹುಡುಗನಿಗೂ ಇದೇ, ಬಿ.ಪಿ., ಶುಗರ್‌ಗೆ ಮಾತ್ರೆ ನುಂಗುತ್ತಿರುವ ಎಪ್ಪತ್ತರ ಅಜ್ಜಿಗೂ ಇದೇ ಎಂಬಲ್ಲಿ ತೊಂದರೆ ಶುರುವಾಗುತ್ತದೆ.

ಹುಳುಕು ಆಳಕ್ಕಿಳಿದು ಹಲ್ಲಿನ ತಿರುಳನ್ನು ಮುಟ್ಟಿದಾಗ ಅದು ಊದಿಕೊಳ್ಳುತ್ತದೆ. ಆದರೆ ಸುತ್ತ ಇರುವುದು ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಒಳಗೆ ಒತ್ತಡ ಏರಿ ನರ ಮಿಡಿಯತೊಡಗುತ್ತದೆ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ನೋವು ಜಾಸ್ತಿ. ನೋವಿನ ಮಾತ್ರೆಯು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟದಂತೆ ತಡೆದು ನೋವನ್ನು ತಗ್ಗಿಸುತ್ತದೆ, ಅಷ್ಟೇ. ಕೆಟ್ಟ ತಿರುಳು ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು. ಜ್ವರವಾಗಲೀ ಹರಡುವ ಊತವಾಗಲೀ ಇಲ್ಲದ ಇಂಥ ನೋವಿಗೆ ಆಂಟಿಬಯಾಟಿಕ್‌ನಿಂದ ಏನೂ ಪ್ರಯೋಜನವಿಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲೇ ಇದನ್ನು ಹೇಳಿದೆ.

ಅದೇ ಸಂಘ 2024ರಲ್ಲಿ ದೊಡ್ಡವರ ಹಲ್ಲುನೋವಿಗೆಂದು ಮೊದಲ ಆಯ್ಕೆಯಾಗಿ ಸೂಚಿಸಿದ್ದು ಯಾವುದೋ ದುಬಾರಿ ಹೊಸ ಔಷಧವನ್ನಲ್ಲ: ಐಬುಪ್ರೊಫೇನ್ 400 ಮಿ.ಗ್ರಾಂ.ನಂಥ ಉರಿಯೂತ ಶಾಮಕವನ್ನು ಒಂದನ್ನೇ, ಇಲ್ಲವೇ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಜೊತೆಗೆ. ಅಫೀಮು ವರ್ಗದ ಮಾತ್ರೆಗಳನ್ನು ಧಾರಾಳವಾಗಿ ಬರೆದು ಕೈಸುಟ್ಟುಕೊಂಡ ದೇಶದ ಮಾತಿದು. ನಮ್ಮ ತಲೆನೋವು ಬೇರೆ. ಇಲ್ಲಿ ಎರಡು–ಮೂರು ಔಷಧ ಬೆರೆಸಿದ ಮಾತ್ರೆಗಳದ್ದೇ ಕಾರುಬಾರು. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ನಿಷೇಧಿಸಿದ 156 ಮಿಶ್ರಣಗಳಲ್ಲಿ ಅಸೆಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 125 ಮಿ.ಗ್ರಾಂ. ಮಾತ್ರೆಯೂ ಇತ್ತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ನೋವಿನ ಔಷಧವನ್ನು ಕೊಡುವಂತಿಲ್ಲ ಎಂದು 2011ರಲ್ಲೇ ಆದೇಶವಾಗಿದೆ.

ನೀರಿನಲ್ಲಿ ಕರಗಿಸಿ ಕುಡಿಯುವ ಕೆಟೊರೊಲಾಕ್ ಮಾತ್ರೆ ನಮ್ಮ ದಂತವೈದ್ಯರಿಗೆ ಅಚ್ಚುಮೆಚ್ಚು. ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಇಂಜೆಕ್ಷನ್ ಕೊಟ್ಟ ದಿನಗಳೂ ಸೇರಿ ಐದು ದಿನ ದಾಟಬಾರದು. ದಾಟಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಅಪಾಯ ಹೆಚ್ಚುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರು, ಹೊಟ್ಟೆಹುಣ್ಣಿನವರು, ರಕ್ತ ತೆಳುವಾಗಿಸುವ ಮಾತ್ರೆಯವರು ಇದನ್ನು ಮುಟ್ಟಲೇಬಾರದು. ಹೊರರೋಗಿ ಸಾಲು ಬಾಗಿಲಾಚೆಗೂ ಬೆಳೆದಿರುವಾಗ ಇದನ್ನೆಲ್ಲ ಕೇಳಲು ಪುರುಸೊತ್ತೆಲ್ಲಿ ಎಂಬ ವೈದ್ಯರ ಗೊಣಗಾಟದಲ್ಲಿ ಸುಳ್ಳಿಲ್ಲ. ಆದರೂ ‘ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಾ?’ ಎಂದು ಕೇಳಲು ಅರ್ಧ ನಿಮಿಷ ಸಾಕು.

ಇನ್ನೊಂದು ಸಂಗತಿ ಇದೆ. ಮಾತ್ರೆ ನುಂಗಿ ನೋವು ಇಳಿದವರು ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕುವುದಿಲ್ಲ. ಮೂರು ತಿಂಗಳ ನಂತರ ನೋವು ಮರುಕಳಿಸಿದಾಗ ಅದೇ ಹಳೆಯ ಚೀಟಿ, ಇಲ್ಲವೇ ಖಾಲಿ ಸ್ಟ್ರಿಪ್ಪು, ಮೆಡಿಕಲ್ ಸ್ಟೋರ್‌ನ ಕೌಂಟರಿಗೆ ಬರುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಹೇಳುವ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ಕೊಡುವವರೂ ನೋಡುವುದಿಲ್ಲ, ಕೊಳ್ಳುವವರೂ ನೋಡುವುದಿಲ್ಲ. ಮಾತ್ರೆಯನ್ನು ನುಂಗದೆ ನೋಯುವ ಹಲ್ಲಿನ ಪಕ್ಕ ಒಸಡಿಗೆ ಒತ್ತಿಟ್ಟುಕೊಳ್ಳುವವರೂ ಇದ್ದಾರೆ. ಆಸ್ಪಿರಿನ್ ಹಾಗೆ ಇಟ್ಟರೆ ಒಸಡು ಸುಟ್ಟು ಬೆಳ್ಳಗೆ ಸುಲಿಯುತ್ತದೆ.

ದೋಷವನ್ನೆಲ್ಲ ದಂತವೈದ್ಯರ ತಲೆಗೆ ಕಟ್ಟುವುದು ಸುಲಭ. ಮರಗಟ್ಟಿಸುವ ಇಂಜೆಕ್ಷನ್, ತಿರುಳು ತೆಗೆಯುವ ಫೈಲು, ಕೆಲಸ ಮಾಡುವ ಎಕ್ಸ್‌ರೇ, ಪಕ್ಕದಲ್ಲೊಬ್ಬ ಸಹಾಯಕ ಇಲ್ಲದ ಕಡೆ ಅವರ ಕೈಯಲ್ಲಿ ಉಳಿಯುವುದು ಪೆನ್ನು ಮಾತ್ರ. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಇವನ್ನು ಪೂರೈಸಲಿ. ನೋವು ಹೊತ್ತು ಬಂದವರ ಹಲ್ಲಿನ ತಿರುಳನ್ನು ಅಂದೇ ತೆರೆಯುವ ವ್ಯವಸ್ಥೆಯಾಗಲಿ. ಚೀಟಿಯಲ್ಲಿ ಮಾತ್ರೆ ನಿಲ್ಲಿಸಬೇಕಾದ ತಾರೀಕನ್ನೂ ಬರೆಯುವುದು ಕಡ್ಡಾಯವಾಗಲಿ.