ತೃಷೆಯ ಅಳತೆ

ಅಮೀನಗಡದ ಸೀಮೆಯಲ್ಲಿ, ವೈಶಾಖದ ಬಿಸಿಲಲ್ಲಿ ಹೊಸ್ತಿಲು ತುಳಿದವನಿಗೆ ಊರು ಹೆಸರು ಕೇಳುವ ಮೊದಲೇ ಒಂದು ತಂಬಿಗೆ ತಣ್ಣೀರನ್ನೂ ಒಂದು ತುಣುಕು ಬೆಲ್ಲವನ್ನೂ ಮುಂದಿಡುವ ಜನರ ನಡುವೆ, ಹೃದಯವೋ ಮೂತ್ರಪಿಂಡವೋ ಯಕೃತ್ತೋ ಕೆಟ್ಟು, "ಕಾಲಾಗ ನೀರು ತುಂಬೈತಿ" ಎಂದು ನೆರೆಯವರೂ ಗುರುತಿಸುವಂತೆ ಪಾದಗಳು ಬಾತು, ಕಾಲುಂಗುರ ಬಿಗಿದು, ಬೆರಳೊತ್ತಿದಲ್ಲಿ ತಗ್ಗು ಉಳಿಯುವಂತಾದ ತಾಯಿಗೆ ವೈದ್ಯರು ನೀರಿನ ಮಿತಿಯನ್ನು ವಿಧಿಸಿದರೆ, ಅದನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದ ಮಗಳಿಗೆ, ತಾನು ಎಸಗುತ್ತಿರುವುದು ಶುಶ್ರೂಷೆಯೋ ಕ್ರೌರ್ಯವೋ ಎಂಬ ಸಂದೇಹ ಹುಟ್ಟದಿರುವುದೆಂತು?

ವೈದ್ಯರು ವಿಧಿಸಿದ ನಿಗ್ರಹವನ್ನಂತೂ ಮೀರಲಾಗದು. ಚರಕಸಂಹಿತೆಯ ಚಿಕಿತ್ಸಾಸ್ಥಾನವೇ ಹೊಟ್ಟೆ ಬಾತ ಉದರರೋಗಿಗೆ ಲವಣವನ್ನೂ ಜಲಪಾನವನ್ನೂ ವರ್ಜ್ಯವೆಂದಿದೆ. ಅವೆರಡರಲ್ಲಿ ಮೊದಲು ಹಿಡಿಯಬೇಕಾದದ್ದು ಲವಣವನ್ನು. ಏಕೆಂದರೆ ದೇಹದಲ್ಲಿ ನೀರನ್ನು ಕಟ್ಟಿಹಾಕುವುದೂ ಅದೇ, ಬಾಯಾರಿಕೆಯನ್ನು ಕೆರಳಿಸುವುದೂ ಅದೇ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಬೇಡ. ಅದು ಬರುವುದು ರಂಜಕ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳ ದಾರಿಯಿಂದ. ಆರೋಗ್ಯವಂತನಿಗೂ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದಾದುದರಿಂದ ಮನೆಯವರೆಲ್ಲರೂ ಒಂದೇ ಸಪ್ಪೆಯ ಅಡುಗೆಯನ್ನುಂಡರೆ ನಷ್ಟವಿಲ್ಲ. ಘಮಘಮಿಸುವ ಹಿಂಡಿಯನ್ನು ತಾವು ಸವಿಯುತ್ತ ರೋಗಿಯ ತಟ್ಟೆಗೆ ಮಾತ್ರ ಸಪ್ಪೆಯನ್ನು ಬಡಿಸುವುದು ಪಥ್ಯವಲ್ಲ, ದಂಡನೆ. ಪೇಟೆಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ಸೋತವರಿಗೆ ಅದು ಅಪಾಯಕರ. ಮೊಣಕಾಲಿಗೆಂದು ಕೇಳದೆ ನುಂಗುವ ನೋವಿನ ಗುಳಿಗೆಗಳಲ್ಲಿ ಅನೇಕವು ಬಾವನ್ನು ಹೆಚ್ಚಿಸುವುದುಂಟು.

ನೀರು ತುಂಬುತ್ತಿದೆಯೇ ಎಂದು ತಿಳಿಯಲು ಕಣ್ಣನ್ನು ನಂಬಲಾಗದು; ಒಂದೆರಡು ಲೀಟರು ನೀರು ಒಳಗೇ ನಿಂತರೂ ಪಾದ ಬಾಯದಿರಬಹುದು. ತಕ್ಕಡಿಯಾದರೋ ಒಂದು ಲೀಟರನ್ನು ಒಂದು ಕಿಲೋ ಎಂದೇ ತೋರಿಸುತ್ತದೆ. ಪ್ರತಿ ಪ್ರಾತಃಕಾಲ ಮೂತ್ರವಿಸರ್ಜನೆಯ ಅನಂತರ, ಉಪಾಹಾರಕ್ಕೆ ಮುನ್ನ ತೂಗಿ, ಗೋಡೆಯ ಪಂಚಾಂಗದಲ್ಲಿ ಬರೆದಿಡಬೇಕು. ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ವೈದ್ಯರಿಗೆ ತಿಳಿಸಬೇಕು, ಮಲಗಿದೊಡನೆ ಉಸಿರು ಕಟ್ಟುವಂತಾದರೆ ತಡಮಾಡದೆ ಬಾಗಲಕೋಟೆಯ ಆಸ್ಪತ್ರೆಯ ದಾರಿ ಹಿಡಿಯಬೇಕು.

ಆದರೆ ತಡೆಯುವ ಕೈ ಯಾರದು? ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಇದೇ. ಮಗಳು ಕಾವಲುಗಾರಳಾದರೆ ತಾಯಿ ಕಳ್ಳಿಯಾಗುತ್ತಾಳೆ. ಹಿತ್ತಲ ಹಂಡೆಯಿಂದ ಗುಟ್ಟಾಗಿ ಕುಡಿದ ನೀರು ಯಾವ ಲೆಕ್ಕಕ್ಕೂ ಸಿಗದು. ವೈದ್ಯರು ಹೇಳಿದಷ್ಟು ನೀರನ್ನು ಬೆಳಗ್ಗೆಯೇ ಒಂದು ತಂಬಿಗೆಯಲ್ಲಿ ತುಂಬಿ ತಾಯಿಯ ಪಕ್ಕದಲ್ಲಿಡಬೇಕು. ಕರದಂಟಿನ ಪೊಟ್ಟಣ ಹಿಡಿದು ಬಂದ ಬೀಗರೊಡನೆ ಚಹಾ ಕುಡಿದರೆ, ಮಧ್ಯಾಹ್ನ ಮಜ್ಜಿಗೆಯನ್ನೋ ಸಾರನ್ನೋ ಸೇವಿಸಿದರೆ, ಅಷ್ಟೇ ನೀರನ್ನು ಆಕೆಯೇ ತನ್ನ ಕೈಯಿಂದ ತುಳಸಿಯ ಬುಡಕ್ಕೆ ಎರೆಯಬೇಕು. ಆಗ ಮಗಳು ಎಷ್ಟು ಕುಡಿದೆಯೆಂದು ವಿಚಾರಿಸಬೇಕಾಗಿಲ್ಲ; ಒಣಗಿದ ನಾಲಗೆಗೆ ನಿಂಬೆಯ ಹೋಳನ್ನೊಡ್ಡಿ, ಬಾಯಿ ಮುಕ್ಕಳಿಸಲು ಬಟ್ಟಲು ಹಿಡಿದು, ಬಾತ ಪಾದಗಳನ್ನೊರಸಿ, ಪಕ್ಕದಲ್ಲಿ ಕುಳಿತುಕೊಳ್ಳಲು ಆಕೆಗೆ ಬಿಡುವು ದೊರೆಯುತ್ತದೆ. ಮುಂದೊಂದು ದಿನ, ಇನ್ನು ಅಳತೆ ಬೇಡವೆಂದು ವೈದ್ಯರೇ ಹೇಳಿದಾಗ, ಆ ತಂಬಿಗೆಯನ್ನು ತಾಯಿಯ ತುಟಿಗೆ ಹಿಡಿಯುವ ಕೈಯೂ ಅದೇ.