ಪೋಲೆಂಡಿನಲ್ಲಿ ಉಪವಾಸ ಬಿದ್ದವರು

ಪೂರ್ವ ಯೂರೋಪಿನ ಪ್ರವಾಸ ಮುಗಿಸಿ ಬಂದ ನಮ್ಮವರ ಬಾಯಲ್ಲಿ ಪೋಲೆಂಡಿನ ಬಗೆಗೆ ಒಂದು ವಾಕ್ಯ ಯಾವಾಗಲೂ ಸಿದ್ಧವಾಗಿರುತ್ತದೆ: “ಊರೇನೋ ಚೆನ್ನ, ಆದರೆ ತಿನ್ನಲಿಕ್ಕೆ ಏನೂ ಇಲ್ಲ ಮಾರಾಯರೇ, ಹಂದಿ, ಬಟಾಟೆ, ವೋಡ್ಕಾ, ಅಷ್ಟೆ!” ಈ ಮಾತನ್ನು ನಾವು ಸಂಘದ ಸಭಾಗೃಹದಲ್ಲಿ ಕೇಳಿದ್ದೇವೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇವೆ, ಲೋಕಲ್ ಗಾಡಿಯಲ್ಲಿ ನೇತಾಡುತ್ತಲೂ ಕೇಳಿದ್ದೇವೆ. ಹೇಳುವವರು ಸುಳ್ಳುಗಾರರೇನಲ್ಲ. ಆದರೆ ಅವರು ಅಲ್ಲಿ ಕಳೆದ ಮೂರು ದಿನವೂ ಪ್ರವಾಸ ಕಂಪೆನಿಯ ಬಸ್ಸು ಇಳಿಸಿದ ಭಾರತೀಯ ಹೋಟೆಲಿನಲ್ಲಿ ಪನೀರು, ದಾಲು, ಜೀರಾ ರೈಸು ಉಂಡವರು. ಬೆಳಗ್ಗೆ ಪೆಟ್ಟಿಗೆಯಿಂದ ಉಪ್ಪಿಟ್ಟಿನ ಪೊಟ್ಟಣ ತೆಗೆದು ಬಿಸಿನೀರು ಸುರಿದುಕೊಂಡವರು. ಒಂದು ದೇಶದ ಅಡುಗೆಯನ್ನು ನಾಲಗೆಗೆ ಮುಟ್ಟಿಸದೆ ಅದರ ಮೇಲೆ ತೀರ್ಪು ಕೊಟ್ಟವರು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮುಂಬಯಿಗೆ ಬಂದು ಮೂರು ತಲೆಮಾರು ಕಳೆದರೂ “ನೀವು ದಿನಾ ಇಡ್ಲಿ ದೋಸೆಯೇ ತಿನ್ನುವುದಾ?” ಎಂದು ಕೇಳುವ ನೆರೆಯವರ ಮೇಲೆ ನಮಗೆ ಬರುವ ಸಿಟ್ಟು ಸಾಮಾನ್ಯವೇ? ನಮ್ಮ ಜೋಳದ ರೊಟ್ಟಿ ಎಲ್ಲಿ, ಮುದ್ದೆ ಎಲ್ಲಿ, ಪತ್ರೊಡೆ ಎಲ್ಲಿ, ತಂಬುಳಿ ಎಲ್ಲಿ, ಎಲ್ಲವನ್ನೂ ‘ಸೌತ್ ಇಂಡಿಯನ್’ ಎಂಬ ಒಂದೇ ಡಬ್ಬಿಗೆ ತುಂಬಿಬಿಟ್ಟಿರಲ್ಲ ಎಂದು ಗುಡುಗುವ ನಾವೇ, ವಾರ್ಸಾ ಮತ್ತು ಕ್ರಾಕೂವ್ ಎಂಬ ಎರಡು ದೊಡ್ಡ ನಗರಗಳ ಶತಮಾನಗಳ ಅಡುಗೆಮನೆಗೆ ಮೂರೇ ಶಬ್ದಗಳ ಚೀಟಿ ಅಂಟಿಸಿ ಬರುತ್ತೇವೆ. ಇದು ಯಾವ ನ್ಯಾಯ?

“ಸಸ್ಯಾಹಾರಿಗಳಾದ ನಾವು ಇನ್ನೇನು ಮಾಡಬೇಕಿತ್ತು?” ಎಂದು ಕೇಳುವವರಿಗೆ ಉತ್ತರ ಎರಡು ಶಬ್ದಗಳಲ್ಲಿದೆ: ಬಾರ್ ಮ್ಲೆಚ್ನಿ. ‘ಬಾರ್’ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪೋಲಿಷ್ ಭಾಷೆಯಲ್ಲಿ ಮ್ಲೆಕೊ ಎಂದರೆ ಹಾಲು. ಇದು ಹಾಲಿನ ಬಾರು. 1896ರಲ್ಲಿ ಸ್ತಾನಿಸ್ವಾಫ್ ದ್ವುಝೆಫ್ಸ್ಕಿ ಎಂಬ ಹೈನುಗಾರಿಕೆಯ ಜಮೀನುದಾರರು ವಾರ್ಸಾದ ನೋವಿ ಶ್ವ್ಯಾತ್ ಬೀದಿಯಲ್ಲಿ ಹಾಲು, ಮೊಟ್ಟೆ, ಹಿಟ್ಟುಗಳ ತಿನಿಸಿನ ಅಂಗಡಿಯೊಂದನ್ನು ತೆರೆದರು. ಈ ಜಾತಿಯ ಹೋಟೆಲುಗಳಿಗೆ ಅದೇ ಮೂಲಪುರುಷನೆಂದು ಲೆಕ್ಕ. ಎರಡನೆಯ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಸರಕಾರ ಇವನ್ನು ಕೆಲಸಗಾರರ ಊಟದ ಮನೆಗಳಾಗಿ ಊರೂರಿಗೆ ಹಬ್ಬಿಸಿತು. 1989ರಲ್ಲಿ ಆ ಸರಕಾರ ಹೋಯಿತು; ಬಾರುಗಳಲ್ಲಿ ಬಹುಪಾಲು ಮುಚ್ಚಿದವು. ಉಳಿದವು ಸರಕಾರದ ಸಹಾಯಧನದ ಊರುಗೋಲಿನಿಂದ ಉಳಿದವು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು: ಆ ಸಹಾಯಧನ ಸಿಗುವುದು ಹಾಲು, ಹಿಟ್ಟು, ತರಕಾರಿಗಳಿಂದಾದ ಮಾಂಸವಿಲ್ಲದ ಪದಾರ್ಥಗಳಿಗೆ ಮಾತ್ರ. ಮಾಂಸದ ಪದಾರ್ಥ ಮಾರಬಹುದು, ಆದರೆ ಅದಕ್ಕೆ ಸರಕಾರದ ಕಾಸಿಲ್ಲ. ‘ಹಂದಿಯ ದೇಶ’ ಎಂದು ನಾವು ಮೂಗು ಮುರಿದ ದೇಶ ತನ್ನ ಬೊಕ್ಕಸದಿಂದ ಬಡವರ ಶಾಕಾಹಾರದ ತಟ್ಟೆಗೆ ಹಣ ಕೊಡುತ್ತದೆ!

ಒಳಗೆ ಹೋದರೆ ಮಾಟುಂಗಾದಲ್ಲಿ ಬೆಳೆದವರಿಗೆ ಅಪರಿಚಿತವೆನಿಸುವಂಥದ್ದು ಏನೂ ಇಲ್ಲ. ಗೋಡೆಯ ಮೇಲೆ ತಿಂಡಿಗಳ ಪಟ್ಟಿ. ಗಲ್ಲೆಯಲ್ಲಿ ಕುಳಿತ ಹೆಂಗಸಿಗೆ ಹಣ ಕೊಟ್ಟು ಚೀಟಿ ಪಡೆಯಬೇಕು. ಚೀಟಿಯನ್ನು ಅಡುಗೆಮನೆಯ ಕಿಂಡಿಯಲ್ಲಿ ಕೊಡಬೇಕು. ಕೂಗಿದಾಗ ತಟ್ಟೆ ಎತ್ತಿಕೊಳ್ಳಬೇಕು. ಉಂಡ ತಟ್ಟೆಯನ್ನು ಇನ್ನೊಂದು ಕಿಂಡಿಗೆ ತಾವೇ ಒಪ್ಪಿಸಬೇಕು. ಮೇಜಿನ ಒಂದು ಬದಿಗೆ ಪಿಂಚಣಿದಾರ ಅಜ್ಜಿ, ಇನ್ನೊಂದು ಬದಿಗೆ ಕಾಲೇಜು ಹುಡುಗ, ನಡುವೆ ಟೈ ಕಟ್ಟಿದ ಬ್ಯಾಂಕಿನವರು. ನಗುಮುಖದ ಉಪಚಾರವನ್ನು ಮಾತ್ರ ನಿರೀಕ್ಷಿಸಬಾರದು. ಅದು ನಮ್ಮ ಹಳೆಯ ಹೋಟೆಲುಗಳಲ್ಲಿ ಎಲ್ಲಿತ್ತು, ಹೇಳಿ?

ಇನ್ನು ತಟ್ಟೆಯ ವಿಷಯ. ಹುಳಿ ಎಂಬ ರುಚಿಯ ಹೆಸರನ್ನೇ ಪದಾರ್ಥದ ಹೆಸರಾಗಿ ಮಾಡಿಕೊಂಡ ನಮಗೆ ಪೋಲೆಂಡಿನ ಅಡುಗೆ ಸಪ್ಪೆಯೆನಿಸಿದರೆ ತಪ್ಪು ಅಡುಗೆಯದ್ದಲ್ಲ. ಅದು ಹುಳಿಯ ಅಡುಗೆ. ಹುಣಿಸೆಯ ಹುಳಿಯಲ್ಲ, ಹುದುಗಿದ ಹುಳಿ. ರೈ ಹಿಟ್ಟನ್ನು ನೀರಿನಲ್ಲಿ ಕಲಸಿ ನಾಲ್ಕೈದು ದಿನ ಹುಳಿ ಬರಿಸಿ ಆ ನೀರಿನಿಂದ ಕಾಯಿಸುವ ಸಾರು ಝುರೆಕ್. ಸೌತೆಕಾಯಿಯನ್ನು ಅವರು ವಿನೆಗರಿನಲ್ಲಲ್ಲ, ಉಪ್ಪುನೀರಿನಲ್ಲಿ ಬೆಳ್ಳುಳ್ಳಿ, ಸಬ್ಬಸಿಗೆಯ ಹೂಗೊಂಚಲಿನೊಡನೆ ಭರಣಿಗೆ ಹಾಕುತ್ತಾರೆ. ಹಲಸಿನ ಸೊಳೆಯನ್ನೂ ಮಿಡಿಮಾವನ್ನೂ ಉಪ್ಪುನೀರಿಗೆ ಹಾಕುವ ಕರಾವಳಿಯವರಿಗೆ ಇದನ್ನು ವಿವರಿಸಬೇಕೆ? ಎಲೆಕೋಸೂ ಹಾಗೆಯೇ. ಬೀಟ್‌ರೂಟಿನ ಕೆಂಪು ಸಾರು ಬಾರ್ಶ್ಚ್, ಅದನ್ನೂ ಒಳ್ಳೆಯ ಮನೆಗಳಲ್ಲಿ ಹುಳಿ ಬರಿಸಿದ ಬೀಟ್‌ರೂಟಿನ ನೀರಿನಿಂದಲೇ ಮಾಡುತ್ತಾರೆ. ಹಾಲನ್ನು ತಾನಾಗಿ ಹೆಪ್ಪುಗಟ್ಟಲು ಬಿಟ್ಟು ಮಾಡಿದ ಹುಳಿಹಾಲು ನಮ್ಮ ಮೊಸರಿನ ಒಡಹುಟ್ಟು. ಮಾಶ್ಲಾಂಕಾ ಎಂದರೆ ಸಾಕ್ಷಾತ್ ಮಜ್ಜಿಗೆ.

ಬೇಸಗೆಯಲ್ಲಿ ಹೋದವರು ಖ್ವೊದ್ನಿಕ್ ಎಂಬುದನ್ನು ಕೇಳಿ ತರಿಸಿಕೊಳ್ಳಬೇಕು. ಎಳೆಯ ಬೀಟ್‌ರೂಟು ಮತ್ತು ಅದರ ಸೊಪ್ಪನ್ನು ಬೇಯಿಸಿ ಆರಿಸಿ, ಹುಳಿಹಾಲು ಅಥವಾ ಕೆಫೀರಿನಲ್ಲಿ ಕದಡಿ, ಸೌತೆ, ಮೂಲಂಗಿ, ಸಬ್ಬಸಿಗೆ ಕೊಚ್ಚಿಹಾಕಿ ತಣ್ಣಗೆ ಕೊಡುವ ಗುಲಾಬಿ ಬಣ್ಣದ ಪದಾರ್ಥ. ಅದನ್ನು ಪೋಲಿಷರು ಸೂಪು ಎನ್ನುತ್ತಾರೆ. ನಮ್ಮ ಮಲೆನಾಡಿನ ಅಜ್ಜಿಯೊಬ್ಬರ ಮುಂದಿಟ್ಟಿದ್ದರೆ “ಒಗ್ಗರಣೆ ಮರೆತ ತಂಬುಳಿ” ಎಂದು ಬಿಡುತ್ತಿದ್ದರು. (ಮೇಲೆ ಬೇಯಿಸಿದ ಮೊಟ್ಟೆ ಇಡುವುದುಂಟು, ಬೇಡವಾದವರು ಮೊದಲೇ ಹೇಳಬೇಕು.) ಹೊಸ ಬಟಾಟೆ ಬೇಯಿಸಿ, ಬೆಣ್ಣೆ ಸವರಿ, ಸಬ್ಬಸಿಗೆ ಉದುರಿಸಿ, ಪಕ್ಕದಲ್ಲಿ ಒಂದು ಲೋಟ ಹುಳಿಹಾಲು ಇಟ್ಟರೆ ಅಲ್ಲಿನವರಿಗೆ ಮಧ್ಯಾಹ್ನದ ಊಟವಾಯಿತು. ಮುಂಬಯಿಯ ಅರ್ಧ ಜನ ಸಬ್ಬಸಿಗೆಯ ವಾಸನೆಗೆ ಓಡುತ್ತಾರೆ. ಅದನ್ನು ಪ್ರೀತಿಸುವ ಎರಡು ಜನಾಂಗ ನಾವು ಮತ್ತು ಪೋಲಿಷರು. ಆದರೂ ಒಬ್ಬರ ಊರಿಗೆ ಹೋದ ಇನ್ನೊಬ್ಬರು ಪನೀರು ಹುಡುಕುತ್ತಾರೆ!

ನಮ್ಮ ಕಡುಬಿನ ಬಂಧುವಾದ ಪಿಯೆರೋಗಿಯ ಹೆಸರು ಎಲ್ಲರೂ ಕೇಳಿದ್ದಾರೆ. ಅದರಲ್ಲಿ ‘ರುಸ್ಕಿಯೆ’ ಎಂಬುದರ ಒಳಗೆ ಬಟಾಟೆ, ಹಾಲೊಡೆದ ಗಟ್ಟಿ, ಹುರಿದ ಈರುಳ್ಳಿ. ಈ ಹೆಸರಿಗೂ ರಶ್ಯಕ್ಕೂ ಸಂಬಂಧವಿಲ್ಲ. ಇಂದು ಪೋಲೆಂಡ್ ಮತ್ತು ಉಕ್ರೇನುಗಳಲ್ಲಿ ಹಂಚಿಹೋಗಿರುವ ರುಥೇನಿಯ ಪ್ರಾಂತದಿಂದ ಬಂದ ಹೆಸರು ಅದು. ಆದರೂ 2022ರಲ್ಲಿ ರಶ್ಯ ಉಕ್ರೇನಿನ ಮೇಲೆ ಏರಿಹೋದಾಗ ಎಷ್ಟೋ ಹೋಟೆಲುಗಳವರು ಪಟ್ಟಿಯಲ್ಲಿ ಅದನ್ನು ‘ಉಕ್ರೇನಿನ ಪಿಯೆರೋಗಿ’ ಎಂದು ತಿದ್ದಿದರು. ತಿಂಡಿಯ ಹೆಸರಿನಲ್ಲೂ ಅವರಿಗೆ ಮಾನ ಮರ್ಯಾದೆ ಇದೆ ಎಂದಾಯಿತು.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ತೊಂದರೆಯೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ಪಿಯೆರೋಗಿಯ ಮೇಲೆ ಹಂದಿಕೊಬ್ಬಿನ ಹುರಿದ ಚೂರು ಉದುರಿಸುವ ಪದ್ಧತಿಯುಂಟು. ಸಾರುಗಳು ಮಾಂಸದ ಬಸಿನೀರಿನವು ಆಗಿರಬಹುದು. ಝುರೆಕ್‌ನಲ್ಲಿ ಸಾಸೇಜು ಇದ್ದೇ ಇರುತ್ತದೆ ಎಂದಿಟ್ಟುಕೊಳ್ಳುವುದು ಕ್ಷೇಮ. ಹಿಟ್ಟಿಗೆ ಮೊಟ್ಟೆ ಸೇರುವುದೂ ಉಂಟು. ಆದ್ದರಿಂದ ‘ಬೆಸ್ ಮ್ಯೆನ್ಸಾ’, ಅಂದರೆ ಮಾಂಸವಿಲ್ಲದೆ, ‘ಬೆಸ್ ಸ್ಕ್ವಾರೆಕ್’, ಅಂದರೆ ಕೊಬ್ಬಿನ ಚೂರಿಲ್ಲದೆ ಎಂಬ ಎರಡು ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಕು. ಲಂಡನ್ನಿನ ರೈಲುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡುವ ನಮ್ಮವರಿಗೆ ಇದು ಭಾರವೆ? ಅಲ್ಲದೆ ಮಾಂಸ ಬಿಟ್ಟ ಊಟ ಅವರಿಗೆ ಹೊಸದಲ್ಲ. ಕ್ಯಾಥೊಲಿಕರಾದ ಅವರಲ್ಲಿ ಶುಕ್ರವಾರದ ವ್ರತವುಂಟು, ಈಸ್ಟರಿಗೆ ಮುಂಚಿನ ದೀರ್ಘ ಉಪವಾಸವುಂಟು. ಆ ದಿನಗಳಲ್ಲೆಲ್ಲ ಝುರ್ ಕುಡಿದೂ ಕುಡಿದೂ ಬೇಸತ್ತ ಹಳ್ಳಿಯವರು ಕೊನೆಗೆ ಝುರ್ ಮಡಕೆಯನ್ನು ಹೂಳುವ ಆಟವನ್ನೇ ಆಡುತ್ತಿದ್ದರು! ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯ ವಿಗಿಲಿಯಾ ಊಟಕ್ಕೆ ಹನ್ನೆರಡು ಪದಾರ್ಥವೆಂಬ ಸಂಪ್ರದಾಯ, ಮೀನುಂಟು, ಮಾಂಸವಿಲ್ಲ. ಏಕಾದಶಿಯ ನೆಪದಲ್ಲಿ ನಾವು ಎಷ್ಟು ಬಗೆ ಫಲಾಹಾರ ಕಂಡುಹಿಡಿದಿದ್ದೇವೋ, ಅಣಬೆ, ಎಲೆಕೋಸು, ಗಸಗಸೆಗಳಲ್ಲಿ ಅವರೂ ಅಷ್ಟೇ ಕಂಡುಹಿಡಿದಿದ್ದಾರೆ. ಮೀನು ತಿನ್ನುವ ನಮ್ಮ ಕರಾವಳಿಯವರಿಗಂತೂ ನೆಪವೇ ಇಲ್ಲ. ಉಪ್ಪಿನ ಹೆರಿಂಗ್ ಮೀನು, ಎಣ್ಣೆ, ಹಸಿ ಈರುಳ್ಳಿ: ಇದಕ್ಕಿಂತ ಇನ್ನೇನು ಬೇಕು?

ಕುಡಿಯುವ ವಿಷಯ ಬಿಡುವಂತಿಲ್ಲ, ಏಕೆಂದರೆ ಆರೋಪದ ಮೂರನೆಯ ಶಬ್ದ ಅದೇ. ವೋಡ್ಕಾ ಅಲ್ಲಿಯ ಹೆಮ್ಮೆಯ ವಸ್ತು. ‘ಪೋಲಿಷ್ ವೋಡ್ಕಾ’ ಎಂದು ಬರೆಯಬೇಕಾದರೆ ಪೋಲೆಂಡಿನಲ್ಲೇ ಬೆಳೆದ ಧಾನ್ಯ ಅಥವಾ ಬಟಾಟೆಯಿಂದ ಅಲ್ಲಿಯೇ ಮಾಡಿರಬೇಕೆಂದು 2013ರಲ್ಲಿ ಕಾನೂನು ಮಾಡಿದರು. ಸಂಪ್ರದಾಯಸ್ಥರು ಅದನ್ನು ತಿನಿಸಿಲ್ಲದೆ ಮುಟ್ಟುವುದಿಲ್ಲ. ಅದನ್ನು ಗೋಡೆಗೆ ಒರಗಿ ಗಟಗಟನೆ ಸುರಿದುಕೊಳ್ಳುವವರು ಅಗ್ಗದ ವಿಮಾನದಲ್ಲಿ ಬರುವ ಹೊರಗಿನವರು. ಕ್ರಾಕೂವ್ ನಗರದವರಂತೂ ಈ ಕೋಲಾಹಲಕ್ಕೆ ರೋಸಿ, 2023ರ ಜುಲೈಯಿಂದ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಅಂಗಡಿಗಳಲ್ಲಿ ಮದ್ಯ ಮಾರಬಾರದೆಂದು ಗೊತ್ತುಮಾಡಿದರು. ಇನ್ನು ಜೇನಿನ ಮದ್ಯ. ಜೇನಿಗೂ ಆ ಮದ್ಯಕ್ಕೂ ಅವರ ಭಾಷೆಯಲ್ಲಿ ಮ್ಯೂತ್ ಎಂದೇ ಹೆಸರು. ಅದು ನಮ್ಮ ‘ಮಧು’ ಶಬ್ದದ ದಾಯಾದಿ. ಒಂದು ಪಾಲು ಜೇನಿಗೆ ಒಂದು ಪಾಲು ನೀರಾದರೆ ದ್ವೂಯ್ನ್ಯಾಕ್, ಎರಡಾದರೆ ತ್ರೂಯ್ನ್ಯಾಕ್, ಮೂರಾದರೆ ಚ್ವೂರ್ನ್ಯಾಕ್. ದ್ವಿ, ತ್ರಿ, ಚತುರ್ ಎಂದು ಎಣಿಸಿದಂತೆಯೇ ಇಲ್ಲವೆ? ಕುಡಿಯದವರಿಗೆ ಹಣ್ಣುಗಳನ್ನು ಕುದಿಸಿದ ಕೊಂಪೋತ್ ಇದೆ, ಮಾಶ್ಲಾಂಕಾ ಇದೆ.

ಹಾಗಾದರೆ ಹಳೆಯ ಪೇಟೆಯ ಚೌಕದಲ್ಲಿ ಹಳ್ಳಿಯ ಉಡುಪು ತೊಟ್ಟ ಹುಡುಗಿಯರು ಬಡಿಸುವ ಹೋಟೆಲಿಗೆ ಹೋದರಾಯಿತೆ? ಅದಕ್ಕೂ ನಮ್ಮ ತಕರಾರಿದೆ. ಯಕ್ಷಗಾನದ ಕಿರೀಟ ಇಟ್ಟು ದೋಸೆ ಬಡಿಸಿದರೆ ದೋಸೆಯ ರುಚಿ ಹೆಚ್ಚುವುದಿಲ್ಲ. ಬಿಲ್ಲು ಮಾತ್ರ ಹೆಚ್ಚುತ್ತದೆ. ಬ್ರೆಡ್ಡಿನ ಬಟ್ಟಲಿನಲ್ಲಿ ಝುರೆಕ್ ಸುರಿದು ಕೊಡುವುದು ಹೆಚ್ಚಾಗಿ ಫೋಟೋದವರಿಗಾಗಿ. ಬೀದಿಯಲ್ಲಿ ‘ಒಸ್ಟ್ಸಿಪೆಕ್’ ಎಂದು ಮಾರುವ ಹೊಗೆಯಾಡಿಸಿದ ಚೀಸು ಎಲ್ಲವೂ ಒಸ್ಟ್ಸಿಪೆಕ್ ಅಲ್ಲ. ಆ ಹೆಸರಿಗೆ 2008ರಿಂದ ಯೂರೋಪಿನ ಕಾನೂನಿನ ರಕ್ಷಣೆಯಿದೆ. ದಕ್ಷಿಣದ ಗುಡ್ಡಗಳ ಕುರಿಹಾಲು ಹೆಚ್ಚು ಪಾಲಿರಬೇಕು, ಚಳಿಗಾಲದಲ್ಲಿ ಅದನ್ನು ಮಾಡುವ ಹಾಗೇ ಇಲ್ಲ. ಬೀದಿಯದ್ದೇ ಬೇಕೆನ್ನುವವರಿಗೆ ಕ್ರಾಕೂವಿನ ಗಾಡಿಗಳಲ್ಲಿ ಒಬ್ವಾಜಾನೆಕ್ ಇದೆ: ಹಿಟ್ಟಿನ ಎಳೆಗಳನ್ನು ಹೊಸೆದು ಬಳೆಯಾಗಿಸಿ, ಮೊದಲು ಬಿಸಿನೀರಿನಲ್ಲಿ ಅದ್ದಿ ಆಮೇಲೆ ಸುಟ್ಟ ರೊಟ್ಟಿ. 1394ರ ರಾಜಮನೆತನದ ಖರ್ಚಿನ ಲೆಕ್ಕದಲ್ಲಿ ರಾಣಿ ಯಾದ್ವಿಗಾಳಿಗೆಂದು ಅದನ್ನು ಕೊಂಡ ದಾಖಲೆಯುಂಟು.

ನಾವು ಇಷ್ಟು ಜೋರು ಮಾಡುವುದಕ್ಕೆ ಕಾರಣ ಕೇವಲ ನಾಲಗೆಯಲ್ಲ. ಉಣ್ಣುವವರಿಲ್ಲದ ಅಡುಗೆಮನೆ ಮುಚ್ಚುತ್ತದೆ. ಓಕ್ ಕಟ್ಟಿಗೆಯ ಹೊಗೆಯ ವಾಸನೆಯ ಗ್ರೊಜೀಸ್ಕಿಯೆ ಎಂಬ ಗೋಧಿಯ ಬಿಯರು, ಶತಮಾನಗಳ ಹೆಸರಿದ್ದದ್ದು, 1993ರಲ್ಲಿ ನಿಂತೇ ಹೋಯಿತು. 2015ರಲ್ಲಿ ಅದೇ ಊರಿನಲ್ಲಿ ಹುಚ್ಚು ಹಿಡಿದ ಕೆಲವರು ಎಬ್ಬಿಸಬೇಕಾಯಿತು. ಹಾಲಿನ ಬಾರುಗಳ ಪಾಡೂ ನೆಮ್ಮದಿಯದ್ದಲ್ಲ. ಅವುಗಳ ಬಡತನವನ್ನು ಅಣಕಿಸಿ, 1981ರಲ್ಲಿ ತೆರೆಕಂಡ ‘ಮಿಶ್’ ಎಂಬ ಚಿತ್ರದಲ್ಲಿ ನಿರ್ದೇಶಕ ಸ್ತಾನಿಸ್ವಾಫ್ ಬಾರೆಯಾ, ತಟ್ಟೆಯನ್ನು ಮೇಜಿಗೆ ಸ್ಕ್ರೂ ಹಾಕಿ, ಚಮಚಕ್ಕೆ ಸರಪಣಿ ಬಿಗಿದಿರುವ ಬಾರೊಂದನ್ನು ತೋರಿಸಿದರು. ಇಡೀ ದೇಶ ನಕ್ಕಿತು. ಆದರೆ 2011ರ ಕೊನೆಗೆ ವಾರ್ಸಾದ ‘ಪ್ರಾಸೋವಿ’ ಎಂಬ ಹಳೆಯ ಬಾರು ಮುಚ್ಚಿದಾಗ ಯಾರೂ ನಗಲಿಲ್ಲ. ತರುಣರು ಒಳಹೊಕ್ಕು ತಾವೇ ಒಲೆ ಹಚ್ಚಿ ಬಡಿಸಿದರು, ಪೋಲೀಸರು ಹೊರದಬ್ಬಿದರು, ಗದ್ದಲ ಬೆಳೆಯಿತು, 2013ರಲ್ಲಿ ಬಾರು ಮತ್ತೆ ತೆರೆಯಿತು. 2015ರಲ್ಲಿ ಹಣಕಾಸು ಇಲಾಖೆ, ಸಹಾಯಧನದ ಅಡುಗೆಗೆ ಯಾವ ಸಾಮಾನು ಹಾಕಬಹುದೆಂದು ಪಟ್ಟಿ ಹೊರಡಿಸಿ, ಪಟ್ಟಿಯಲ್ಲಿಲ್ಲದ ಮಸಾಲೆ ಬಿದ್ದರೆ ಹಣವಿಲ್ಲವೆಂದಿತು. ಆಗಲೂ ಕೂಗೆದ್ದಿತು, ಪಟ್ಟಿ ಹಿಗ್ಗಿತು. ಅಗ್ಗದ ಸಾರಿಗಾಗಿ ಜನ ಬೀದಿಗಿಳಿದ ಊರು ಅದು.

ನಮ್ಮ ಕಥೆಯೇನು? ಈ ಮಹಾನಗರದಲ್ಲಿ ನಮ್ಮವರ ಎಷ್ಟು ಉಡುಪಿ ಹೋಟೆಲುಗಳು ಪಂಜಾಬಿ, ಚೈನೀಸು, ಪಾವ್‌ಭಾಜಿಗಳ ಹಿಂದೆ ಅಡಗಿಹೋದವು, ಎಷ್ಟು ಖಾನಾವಳಿಗಳು ನಿಜವಾದ ಅರ್ಥದಲ್ಲಿ ‘ಬಾರು’ಗಳಾದವು! ಒಂದಾದರೂ ಮುಚ್ಚಿದಾಗ ನಮ್ಮಲ್ಲಿ ಒಬ್ಬರಾದರೂ ಹೋಗಿ ಬಾಗಿಲಲ್ಲಿ ಕುಳಿತರೆ? “ಅಯ್ಯೋ ಪಾಪ, ರಸಂ ಒಳ್ಳೆಯದಿತ್ತು” ಎಂದು ಹೇಳಿ ಮುಂದಿನ ಗಾಡಿ ಹತ್ತಿದೆವು. ಅಂಥ ನಮಗೆ ಅವರ ತಟ್ಟೆಯನ್ನು ನೋಡಿ ನಗುವ ಅಧಿಕಾರ ಎಲ್ಲಿಂದ ಬಂತು?

ಮತ್ತೊಂದು ಮಾತು. ಸ್ತಾಲಿನ್ ತನ್ನ ಕಾಲದಲ್ಲಿ ಊರು ಬಿಡಿಸಿ ಅಟ್ಟಿದ ಪೋಲಿಷ್ ಕುಟುಂಬಗಳು ಯುದ್ಧಕಾಲದಲ್ಲಿ ಭಾರತಕ್ಕೆ ಬಂದವು. ಮಕ್ಕಳಿಗೆ ಜಾಮ್‌ನಗರದ ಹತ್ತಿರದ ಬಾಲಾಚಡಿಯಲ್ಲಿ ಜಾಮ್‌ಸಾಹೇಬರು ಆಶ್ರಯ ಕೊಟ್ಟರು. ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಮಂದಿ ಬಾಳಿದರು. ವಾರ್ಸಾದಲ್ಲಿ ಜಾಮ್‌ಸಾಹೇಬರ ಹೆಸರಿನ ಚೌಕವೂ ಕೊಲ್ಹಾಪುರದ ನೆನಪಿನ ಸ್ಮಾರಕವೂ ಇವೆ. ನಮ್ಮ ಪ್ರವಾಸಿಗಳು ಅಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಎದೆಯುಬ್ಬಿಸುತ್ತಾರೆ. ಮರುಕ್ಷಣ ಬಸ್ಸು ಅದೇ ಪನೀರಿನ ಹೋಟೆಲಿನತ್ತ ತಿರುಗುತ್ತದೆ.

‘ಮಹಾರಾಜ್ ಸಂಗಡ ಇರುತ್ತಾನೆ, ಮೂರು ಹೊತ್ತೂ ಭಾರತೀಯ ಊಟ ಖಂಡಿತ’ ಎಂದು ಜಾಹೀರಾತು ಕೊಡುವ ಪ್ರವಾಸ ಕಂಪೆನಿಯವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಬಾಣಸಿಗನನ್ನು ಬಿಟ್ಟುಹೋಗಿ ಎಂದು ನಾವು ಹೇಳುವುದಿಲ್ಲ. ಮಡಿಯವರು, ಪಥ್ಯದವರು ಬಸ್ಸಿನಲ್ಲಿ ಇರುತ್ತಾರೆ. ವಾರ್ಸಾದಲ್ಲಿ ಒಂದು ಮಧ್ಯಾಹ್ನ, ಕ್ರಾಕೂವಿನಲ್ಲಿ ಒಂದು ಮಧ್ಯಾಹ್ನ, ಊಟದ ಕಾರ್ಯಕ್ರಮವನ್ನು ಖಾಲಿ ಬಿಟ್ಟು, ಹತ್ತಿರದ ಹಾಲಿನ ಬಾರಿನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಸರದಿಯಲ್ಲಿ ನಿಲ್ಲುವುದನ್ನು ಮುಂಬಯಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬರುವ ಬೇಸಗೆ ರಜೆಗೆ ಹೊರಟಿರುವ ಸದಸ್ಯರು ಹಣ ಕಟ್ಟುವ ಮುಂಚೆಯೇ ಇದನ್ನು ಕೇಳತಕ್ಕದ್ದು. ಕಟ್ಟಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.