ಸಹಿ ಹಾಕುವ ಮುನ್ನ ಒಂದು ಲೆಕ್ಕ

ಸಹೋದರಿಯರೇ, ಜಯನಗರದ ಪಕ್ಕದ ತಿಲಕ್‌ನಗರ, ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡ ಗುರಪ್ಪನಪಾಳ್ಯ, ಬನಶಂಕರಿಯ ಯಾರಬ್‌ನಗರ - ಯಾವ ಗಲ್ಲಿಗೆ ಹೋದರೂ ಸಂಘದ ಸಾಲ ಪಡೆದ ಹೆಂಗಸರು ಸಿಗುತ್ತಾರೆ. ಹೊಲಿಗೆ ಯಂತ್ರಕ್ಕೆ, ಬಾಡಿಗೆ ಮನೆಯ ಅಡ್ವಾನ್ಸಿಗೆ, ಮಗಳ ಮದುವೆಗೆ ಎಂದು ಪಡೆದ ಸಾಲ. ಪುಸ್ತಕದಲ್ಲಿರುವುದು ಹೆಣ್ಣಿನ ಹೆಸರು. ಹಣ ಯಾರ ಕೈ ಸೇರಿತೆಂದು ಕೆಲವೊಮ್ಮೆ ಅವಳಿಗೇ ತಿಳಿದಿರುವುದಿಲ್ಲ. ಕಂತಿನ ದಿನ ಮಾತ್ರ ಹತ್ತು ಜನರ ಮುಂದೆ ತಲೆತಗ್ಗಿಸಬೇಕಾದವಳು ಅವಳೇ.

ಈ ಪದ್ಧತಿ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಪ್ರೊ. ಮುಹಮ್ಮದ್ ಯೂನುಸ್ 42 ಬಡವರಿಗೆ ಒಟ್ಟು 27 ಡಾಲರಿನಷ್ಟು ಹಣ ಕೊಟ್ಟು ಬಡ್ಡಿ ವ್ಯಾಪಾರಿಗಳ ಹಿಡಿತದಿಂದ ಬಿಡಿಸಿದರು. ಅದು ಮುಂದೆ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅದೇ ಮಾದರಿಯಲ್ಲಿ 1999ರಲ್ಲಿ ಬೆಂಗಳೂರು ದಕ್ಷಿಣದ ಆವಲಹಳ್ಳಿಯಲ್ಲಿ ಗ್ರಾಮೀಣ ಕೂಟ ಆರಂಭವಾಯಿತು. ಆ ಬಳಿಕ ಇಂತಹ ಸಂಸ್ಥೆಗಳು ರಾಜ್ಯದಲ್ಲೆಲ್ಲಾ ಬೆಳೆದವು. ಒಡವೆ ಅಡವಿಡಬೇಕಿಲ್ಲ. ಆದರೆ ಒಬ್ಬಳು ತಪ್ಪಿದರೆ ಗುಂಪಿನವರ ಮೇಲೆಲ್ಲಾ ಒತ್ತಡ.

2009ರಲ್ಲಿ ಕೋಲಾರದಲ್ಲಿ ಏನಾಯಿತು ನೋಡಿ. ರೇಷ್ಮೆ ಉದ್ಯಮ ಸೊರಗಿತ್ತು. ಒಬ್ಬೊಬ್ಬ ಹೆಂಗಸಿನ ಮೇಲೂ ಎರಡು ಮೂರು ಸಂಸ್ಥೆಗಳ ಸಾಲ. ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ. ಕೊನೆಗೆ ಅಲ್ಲಿನ ಅಂಜುಮನ್, ಮುಸ್ಲಿಮ್ ಮಹಿಳೆಯರು ಕಂತು ಕಟ್ಟಬಾರದೆಂದು ಹೇಳಿತು. ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಅದು ಹಬ್ಬಿತು. ಕಂತು ನಿಂತಿತು. ಹೊಸ ಸಾಲವೂ ನಿಂತಿತು. ಆದರೆ ಸಾಲಕ್ಕೆ ತಳ್ಳಿದ ಬಡತನ ಅಲ್ಲೇ ಉಳಿಯಿತು.

ಇನ್ನು ಲೆಕ್ಕಕ್ಕೆ ಬರೋಣ. 10,000 ರೂಪಾಯಿಗೆ ನೂರಕ್ಕೆ 12ರ 'ಫ್ಲಾಟ್' ಬಡ್ಡಿ ಎನ್ನುತ್ತಾರೆ. ವಾರಕ್ಕೆ 224ರಂತೆ 50 ವಾರ ಕಟ್ಟಿದರೆ 11,200. ಕಡಿಮೆಯೆಂದು ಕಾಣುತ್ತದೆ. ಆದರೆ ಮೊದಲ ವಾರದಿಂದಲೇ ನೀವು ಅಸಲನ್ನೂ ತೀರಿಸುತ್ತಿದ್ದೀರಿ. ಅರ್ಧ ದಾರಿಯಲ್ಲಿ ನಿಮ್ಮ ಬಳಿ ಉಳಿದದ್ದು 5,000 ಮಾತ್ರ. ಬಡ್ಡಿ ಮಾತ್ರ ಪೂರ್ತಿ 10,000ದ್ದು! ಹಾಗಾಗಿ ನಿಜವಾದ ದರ 24ರ ಆಸುಪಾಸು.

ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮಗಳು ನಿಮಗೆ ತಿಳಿದಿರಲಿ. ಮನೆಯ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧವನ್ನು ಮೀರಬಾರದು. ಬಡ್ಡಿ, ಶುಲ್ಕಗಳ ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಬರೆದು ಕೊಡಬೇಕು. ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಹೊರಡಿಸಿದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸಿತು. ಯಾರಾದರೂ ಬಾಗಿಲಲ್ಲಿ ಬೈದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ. ಪೊಲೀಸ್ ಠಾಣೆಗೆ ದೂರು ಕೊಡಿ.

ಆದರೆ ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬಡ್ಡಿ ನಮಗೆ ನಿಷಿದ್ಧ. ಆದರೂ ನಮ್ಮ ಸಹೋದರಿಯರು ಆ ಸಾಲಿನಲ್ಲಿ ನಿಂತದ್ದೇಕೆ? ಮಗುವಿನ ಆಸ್ಪತ್ರೆ ಖರ್ಚಿಗೆ ಐದು ಸಾವಿರ ಬೇಕಾದಾಗ ಮೊಹಲ್ಲಾದಲ್ಲಿ ಕೊಡುವವರಿರಲಿಲ್ಲ. ಹೆಣ್ಣು ನೋಡಲು ಬಂದವರು ಬೈಕು, ಚಿನ್ನ ಕೇಳಿದಾಗ 'ಇದು ತಪ್ಪು' ಎನ್ನುವವರೂ ಇರಲಿಲ್ಲ. ಅವಳನ್ನು ದೂರುವ ಮೊದಲು ಮಸೀದಿಯ ಜಮಾಅತ್ ಒಂದು ಬಡ್ಡಿರಹಿತ ಸಾಲನಿಧಿ ತೆರೆಯಲಿ. ಮದುವೆಯ ಖರ್ಚನ್ನು ಉಳ್ಳವರೇ ಮೊದಲು ಇಳಿಸಲಿ.

ನೀವು ಇಂದೇ ಮಾಡಬಹುದಾದದ್ದೂ ಇದೆ. ಮನೆಯ ಎಲ್ಲಾ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದು ಪತಿಯ ಮುಂದಿಡಿ. ನಿಮ್ಮ ಕೈಗೆ ಬಾರದ ಹಣಕ್ಕೆ ಸಹಿ ಹಾಕಬೇಡಿ.